ಕೊಚ್ಚೋ ಪಿಚ್ಚರ್ ಮತ್ತು ಕಕ್ಕಡ 18

ನಮ್ಮ ಹೋಮ್‌ಸ್ಟೇ ಹಾಲಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿದ್ದೇವೆ. ಬಂದವರು ಹೋಗುವಾಗ ಎರಡು ಸಾಲು ಬರೆದು ಹೋಗುತ್ತಾರೆ. "ಮಂಜು ಸೂಪರ್", "ಕಾಫಿ ಸೂಪರ್", "ಆಂಟಿ ಮಾಡಿದ ಕಡಂಬುಟ್ಟು ಸೂಪರ್", ಹೀಗೆ. ಅದರಲ್ಲಿ ಒಂದು ಹಾಳೆಗೆ ಮಾತ್ರ ನನ್ನ ಹೆಂಡತಿ ನಾಲ್ಕೂ ಕಡೆ ಸ್ಟೇಪ್ಲರ್ ಹೊಡೆದು ಮುಚ್ಚಿದ್ದಾಳೆ. ಒಳಗಿರುವುದು ಇಷ್ಟೇ: "ಅಕ್ಕಿ ರೊಟ್ಟಿ ಚೆನ್ನಾಗಿತ್ತು. ರಾತ್ರಿ ಯಾರೋ ಹೆಂಗಸು ಕಿರುಚುತ್ತಿದ್ದರು. ಅಂಕಲ್ ಭುಜ ಬೇಗ ಸರಿಯಾಗಲಿ."

ಅಂಕಲ್ ಅಂದರೆ ನಾನು. ಹೆಂಗಸು ಕಿರುಚಿದ್ದಕ್ಕೂ ನಾನೇ ಕಾರಣ.

ಮೊದಲು ತಪ್ಪೊಪ್ಪಿಗೆ ಮುಗಿಸಿಬಿಡ್ತೀನಿ. ನನಗೆ ಸ್ಲ್ಯಾಶರ್ ಸಿನಿಮಾ ಅಂದರೆ ಪ್ರಾಣ. ಒಳ್ಳೆಯದಲ್ಲ, ಕೆಟ್ಟದ್ದು. ಕಾಸಿಲ್ಲದೆ ತೆಗೆದದ್ದು. ಕಾಡಿನ ನಡುವೆ ಒಂದು ಬಂಗಲೆ, ಅಲ್ಲಿಗೆ ಬರುವ ಆರು ಜನ ಕಾಲೇಜು ಹುಡುಗ ಹುಡುಗಿಯರು, ಮುಖವಾಡ ಹಾಕಿದ ಒಬ್ಬ, ಅವನ ಕೈಯಲ್ಲಿ ಒಂದು ಕತ್ತಿ. ಇಷ್ಟಿದ್ದರೆ ನನಗೆ ಊಟ ಬೇಡ. ನನ್ನ ಹೆಂಡತಿ ಇದಕ್ಕೆ ಇಟ್ಟಿರುವ ಹೆಸರು "ಕೊಚ್ಚೋ ಪಿಚ್ಚರ್". ಸಂತೆಯಲ್ಲಿ ಸ್ನೇಹಿತರು ಸಿಕ್ಕಿ "ಈಗ ಎಂತ ನೋಡ್ತಾ ಇದ್ದೀಯ ಮಾರಾಯ?" ಅಂತ ಕೇಳಿದರೆ ನಾನು ಒಂದು ಮಲಯಾಳಂ ಸಿನಿಮಾದ ಹೆಸರು ಹೇಳಿ ಗಂಭೀರವಾಗಿ ತಲೆ ಆಡಿಸುತ್ತೇನೆ. ಕೊಡಗಿನಲ್ಲಿ ಇದಕ್ಕಿಂತ ಮರ್ಯಾದೆಯ ಉತ್ತರ ಇಲ್ಲ.

ಈ ಚಟ ಹಿಡಿದದ್ದು ಚಿಕ್ಕಂದಿನಲ್ಲಿ. ಟಿವಿ, ವಿಸಿಪಿ ಎರಡನ್ನೂ ಒಂದು ರಾತ್ರಿಗೆ ಬಾಡಿಗೆಗೆ ತರುತ್ತಿದ್ದ ಕಾಲ. ದೊಡ್ಡವರಿಗೆ ಅಂತ ರಾಜ್‌ಕುಮಾರ್ ಸಿನಿಮಾ, ಮಕ್ಕಳು ಮಲಗಿದ ಮೇಲೆ ಚಿಕ್ಕಪ್ಪಂದಿರಿಗೆ ಅಂತ ರಾಮ್‌ಸೇ ಸಹೋದರರ ಸಿನಿಮಾ. ಮಕ್ಕಳು ಮಲಗುತ್ತಾರಾ? 1984ರ 'ಪುರಾನಾ ಮಂದಿರ್' ಅನ್ನು ನಾನು ಕಂಬಳಿಯ ಒಂದು ತೂತಿನಿಂದ ನೋಡಿದ್ದೇನೆ. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ದೆವ್ವದ ಭಾಷೆ ಅರ್ಥವಾಗಲು ಹಿಂದಿ ಯಾಕೆ ಬೇಕು ಹೇಳಿ.

ಆಮೇಲೆ ಇಂಗ್ಲಿಷಿನವು ಸಿಕ್ಕವು. ಅವುಗಳ ಬಡತನದ ಕಥೆಗಳನ್ನು ಓದುತ್ತಾ ಓದುತ್ತಾ ಪ್ರೀತಿ ಇನ್ನೂ ಜಾಸ್ತಿ ಆಯಿತು. 1978ರ 'ಹ್ಯಾಲೋವೀನ್' ನೋಡಿ. ಈ ಜಾತಿಯ ಸಿನಿಮಾಗಳಿಗೆ ದಾರಿ ಮಾಡಿದ್ದು ಅದೇ. ಖರ್ಚು ಸುಮಾರು 3 ಲಕ್ಷ ಡಾಲರ್. ಕೊಲೆಗಾರನ ಆ ಬಿಳಿ ಮುಖ ಇದೆಯಲ್ಲ, ಅದು 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮುಖವಾಡ. ಅಂಗಡಿಯಿಂದ 2 ಡಾಲರಿಗೂ ಕಡಿಮೆಗೆ ತಂದು ಬಿಳಿ ಬಣ್ಣ ಬಳಿದರು, ಮುಗೀತು. ಕಥೆ ನಡೆಯೋದು ಎಲೆ ಉದುರುವ ಅಕ್ಟೋಬರಿನಲ್ಲಿ, ಚಿತ್ರೀಕರಣ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ, ಮರಗಳೆಲ್ಲ ಹಸಿರಾಗಿದ್ದಾಗ. ಅದಕ್ಕೆ ಎಲೆಗಳಿಗೆ ಬಣ್ಣ ಹೊಡೆದು ರಸ್ತೆಗೆ ಚೆಲ್ಲಿ, ಶಾಟ್ ಮುಗಿದ ಮೇಲೆ ಬಾಚಿ ಚೀಲಕ್ಕೆ ತುಂಬಿ, ಮುಂದಿನ ಶಾಟಿಗೆ ಅವನ್ನೇ ಚೆಲ್ಲಿದರು. ಹಿಂದೆ ತಾಳೆಮರದ ಥರದ್ದೇನೋ ಹಸಿರಾಗಿ ನಿಂತಿರುತ್ತದೆ, ಅದನ್ನು ಯಾರು ಬಾಚುತ್ತಾರೆ? ತೋಟ ಇಟ್ಟುಕೊಂಡವನಿಗೆ ಇದು ಕಣ್ಣಲ್ಲಿ ನೀರು ತರಿಸುವ ವಿಷಯ. ಹಳೇ ಗೋಣಿಚೀಲಕ್ಕೆ ಮೂರು ವರ್ಷ ತೇಪೆ ಹಾಕಿದವನು ನಾನು.

ಇನ್ನೊಂದು, 1980ರ 'ಫ್ರೈಡೇ ದಿ 13ತ್'. ಮಂಚದ ಮೇಲೆ ಮಲಗಿದ ಹುಡುಗನ ಕುತ್ತಿಗೆಯಿಂದ ಬಾಣದ ತುದಿ ಹೊರಗೆ ಬರುತ್ತದೆ. ಆ ಹುಡುಗ ಕೆವಿನ್ ಬೇಕನ್, ಆಮೇಲೆ ದೊಡ್ಡ ನಟ. ತೆಗೆದದ್ದು ಹೇಗೆ ಅಂದರೆ, ಅವನ ತಲೆ ಮಾತ್ರ ನಿಜದ್ದು, ಕುತ್ತಿಗೆಯಿಂದ ಕೆಳಗೆ ನಕಲಿ. ಮೈಯೆಲ್ಲ ಮಂಚದ ಕೆಳಗೆ. ಅದೇ ಮಂಚದ ಕೆಳಗೆ ಬಾಣ ಚುಚ್ಚುವವರು, ರಕ್ತದ ಪಂಪು. ಸರಿಯಾದ ಹೊತ್ತಿಗೆ ಪಂಪಿನ ಪೈಪು ಕಿತ್ತು ಬಂತು. ಸಹಾಯಕ ಹಿಂದೆಮುಂದೆ ನೋಡದೆ ಪೈಪನ್ನು ಬಾಯಿಗಿಟ್ಟು ಊದಿದ. ಸಿನಿಮಾದಲ್ಲಿ ಬುಳುಬುಳು ಅಂತ ರಕ್ತ ಬರುತ್ತದಲ್ಲ, ಅದು ಒಬ್ಬ ಮನುಷ್ಯನ ಉಸಿರು. ತೋಟದಲ್ಲಿ ಪೈಪಿಗೆ ಬಾಯಿ ಹಾಕಿ ನೀರು ಎಳೆದು ನನಗೂ ಅಭ್ಯಾಸ ಇದೆ. ಕೋಟಿ ಸುರಿದು ಕಂಪ್ಯೂಟರಿನಲ್ಲಿ ಮಾಡಿದ ರಕ್ತ ನೋಡಿದರೆ ನನಗೆ ಹೀಗೆ ಅಕ್ಕರೆ ಬರುವುದಿಲ್ಲ.

ಹೆದರಿಕೆ ಆಗಲ್ವಾ ಅಂತ ಕೇಳ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ್ದು ನೋಡಿದವರು ನಾವು. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತೇವೆ. ಆ ಹೆದರಿಕೆಗೆ ಹಿನ್ನೆಲೆ ಸಂಗೀತ ಇರಲಿಲ್ಲ. ಸಿನಿಮಾದವನು ಪಾಪ, ಬರುವ ಮುಂಚೆ ಪಿಯಾನೋ ಬಾರಿಸಿ ಬರುತ್ತಾನೆ.

ಅಷ್ಟಕ್ಕೂ ಕೊಡಗಿನಲ್ಲಿ ಈ ಕಥೆ ನಡೆಯುವುದೇ ಇಲ್ಲ. ಸಿನಿಮಾದಲ್ಲಿ ಹೊರಗೆ ಸದ್ದಾದರೆ ಒಬ್ಬಳು ಬರಿಗಾಲಲ್ಲಿ "ಯಾರದು?" ಅಂತ ಹೋಗುತ್ತಾಳೆ. ನಮ್ಮಲ್ಲಿ ಸದ್ದಾದರೆ ಆನೆ ಅಂತಲೇ ಲೆಕ್ಕ, ಇದ್ದ ಬಾಗಿಲನ್ನೂ ಹಾಕಿ ಚಿಲಕ ಭದ್ರ ಮಾಡುತ್ತಾರೆ. ಬಾಗಿಲು ಮುರಿದು ಬಂದ ಅಂತಲೇ ಇಟ್ಟುಕೊಳ್ಳಿ. ಕೊಡವರಿಗೂ ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇರುವ ಜಿಲ್ಲೆ ಇದು, ಕೈಲ್‌ಪೊಳ್ದ್ ಹಬ್ಬಕ್ಕೆ ಆಯುಧಗಳನ್ನು ಸಾಲಾಗಿ ಇಟ್ಟು ಹೂವಿಟ್ಟು ಪೂಜೆ ಮಾಡುವ ಊರು. ಒಂದು ಅಡುಗೆಮನೆ ಚಾಕು ಹಿಡಿದು ಬಂದವನನ್ನು ನೋಡಿ ಅಜ್ಜಂದಿರು "ಇದೆಂತದು, ಈರುಳ್ಳಿ ಹೆಚ್ಚೋಕೆ ಬಂದದ್ದಾ?" ಅಂತ ಕೇಳಿಯಾರು. ಚೈನ್‌ಸಾ ಹಿಡಿದು ಓಡಿಸುವ ಸಿನಿಮಾವನ್ನು ನಮ್ಮ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟ್ರಿಗೆ ಒಂದು ಸಲ ತೋರಿಸಿದೆ. ಅವರು ಹೆದರಲಿಲ್ಲ. "ಒಂದೇ ಎಳೆತಕ್ಕೆ ಸ್ಟಾರ್ಟ್ ಆಯ್ತಲ್ಲ ಸಾರ್, ಯಾವ ಕಂಪನಿದು?" ಅಂದರು.

ಇರಲಿ, ಆ ರಾತ್ರಿಗೆ ಬರೋಣ.

ಆ ವರ್ಷ ಕಕ್ಕಡ 18, ಅಂದರೆ ಕೊಡವರ ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3, ಶನಿವಾರ ಬಿದ್ದಿತ್ತು. ಬೆಂಗಳೂರಿನಿಂದ ಆರು ಜನ ಬಂದರು. ಎಣಿಸಿ, ಆರು. ಒಬ್ಬ ಗಿಟಾರಿನವನು, ಒಂದು ಜೋಡಿ, ಎಲ್ಲದಕ್ಕೂ ಜೋಕ್ ಹೇಳುವವನೊಬ್ಬ, ಅರ್ಧ ರಾತ್ರಿಯಲ್ಲಿ ಫಾಲ್ಸ್ ನೋಡಬೇಕು ಅನ್ನುವವನೊಬ್ಬ, ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಪುಸ್ತಕ ಓದುವ ಹುಡುಗಿ. ನನಗೆ ಖುಷಿ ತಡೆಯಲಾಗಲಿಲ್ಲ. ಊಟ ಬಡಿಸುತ್ತಾ ಮನಸ್ಸಿನಲ್ಲೇ ಯಾರು ಮೊದಲು, ಯಾರು ಆಮೇಲೆ ಅಂತ ಸಾಲು ಹಚ್ಚಿದೆ. ಜೋಡಿ ಮೊದಲು, ಅದು ಕಾನೂನು. ಕನ್ನಡಕದ ಹುಡುಗಿ ಉಳಿಯುತ್ತಾಳೆ. ಹೀಗೆ ಕೊನೆಗೆ ಒಬ್ಬಳೇ ಉಳಿದು ಕೊಲೆಗಾರನನ್ನು ಎದುರಿಸುವವಳಿಗೆ ಕ್ಯಾರಲ್ ಕ್ಲೋವರ್ ಅನ್ನುವ ಅಮೆರಿಕದ ಪ್ರಾಧ್ಯಾಪಕಿ 1987ರಲ್ಲಿ 'ಫೈನಲ್ ಗರ್ಲ್' ಅಂತ ಹೆಸರಿಟ್ಟರು. ನಮಗೆ ಅದು ಹೊಸದಾ? ಚಿತ್ರದುರ್ಗದ ಕಿಂಡಿ, ಕೈಯಲ್ಲಿ ಒನಕೆ, ಒಬ್ಬೊಬ್ಬನೇ ನುಸುಳಿ ಬರುವ ಹೈದರಾಲಿಯ ಸೈನಿಕರು. ನಾವು ಶಾಲೆಯಲ್ಲೇ ಓದಿದ್ದೇವೆ.

ಊಟಕ್ಕೆ ಮದ್ದು ಸೊಪ್ಪಿನ ಪಾಯಸ. ಕಕ್ಕಡ 18ಕ್ಕೆ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆ ಅಂತ ನಂಬಿಕೆ. ಬೇಯಿಸಿದ ನೀರು ಗಾಢ ನೇರಳೆಗೆ ತಿರುಗುತ್ತದೆ. ಹುಡುಗರು ಫೋಟೋ ತೆಗೆದು ಮೂರು ಮೂರು ಸಲ ಹಾಕಿಸಿಕೊಂಡರು. ಹೆಂಡತಿ ಅಡುಗೆಮನೆಯಿಂದ "ರೀ, ಅವರಿಗೆ ಅದೊಂದು ಹೇಳಿಬಿಡಿ" ಅಂದಳು. ನಾನು ಹ್ಞೂಂ ಅಂದೆ. ನನ್ನ ತಲೆಯಲ್ಲಿ ಗಿಟಾರಿನವನು ಹೇಗೆ ಸಾಯಬೇಕು ಅನ್ನೋದು ಓಡುತ್ತಿತ್ತು.

ರಾತ್ರಿ ಹತ್ತೂವರೆಗೆ ಕರೆಂಟ್ ಹೋಯಿತು. ಹೆಂಡತಿ ಮಲಗಿದಳು. ನಾನು ಕಂಬಳಿ ಹೊದ್ದು ಫೋನಿನಲ್ಲಿ ಸಿನಿಮಾ ಹಾಕಿದೆ. ಚಿತ್ರ ಬರುತ್ತಿದೆ, ಸದ್ದಿಲ್ಲ. ಶೀಟಿನ ಮೇಲೆ ಮಳೆ ಹೊಡೆಯುವ ಆರ್ಭಟಕ್ಕೆ ಕೇಳುತ್ತಿಲ್ಲ ಅಂದುಕೊಂಡು ವಾಲ್ಯೂಮ್ ಏರಿಸಿದೆ. ಆಗಲೂ ಇಲ್ಲ. ಪೂರ್ತಿ ಏರಿಸಿದೆ. ಇಯರ್‌ಫೋನ್ ಹಾಳಾಗಿದೆ ಅಂತ ಬೈದುಕೊಂಡು ಹಾಗೇ ಮೂಕಿ ಚಿತ್ರದಂತೆ ನೋಡತೊಡಗಿದೆ. ಬೆಳಿಗ್ಗೆ ಹೆಂಡತಿ ಸುಪ್ರಭಾತ ಹಾಕಲು ನನ್ನ ಫೋನಿಗೆ ಬ್ಲೂಟೂತ್ ಸ್ಪೀಕರ್ ಜೋಡಿಸಿದ್ದಳು. ಆ ಸ್ಪೀಕರನ್ನು ಸಂಜೆ ಹುಡುಗರು ಹಾಡು ಕೇಳಲು ಒಯ್ದಿದ್ದರು. ನಮ್ಮ ಕೋಣೆಗೂ ಗೆಸ್ಟ್ ಹಾಲಿಗೂ ನಡುವೆ ಒಂದೇ ಗೋಡೆ. ಬ್ಲೂಟೂತಿಗೆ ಗೋಡೆ ಯಾವ ಲೆಕ್ಕ?

ಮಳೆ ಒಂದು ನಿಮಿಷ ಬಿಡುವು ಕೊಟ್ಟಿತು. ಆಗ ಕೇಳಿಸಿತು, ಗೋಡೆಯಾಚೆ ಒಬ್ಬಳು ಪ್ರಾಣ ಹೋಗುವ ಹಾಗೆ ಕಿರುಚುತ್ತಿದ್ದಾಳೆ. ಹಿಂದೆಯೇ ನಾಲ್ಕೈದು ಜನ ನಿಜವಾಗಿ ಕಿರುಚಿದರು. ಆನೆ ಬಂತು ಅಂದುಕೊಂಡೆ. ಫೋನನ್ನು ಹಾಗೇ ಜೇಬಿಗೆ ಹಾಕಿ, ಟೊಪ್ಪಿ ಇರುವ ಕರಿ ರೈನ್‌ಕೋಟ್ ತೊಟ್ಟು, ಲುಂಗಿ ಎತ್ತಿ ಕಟ್ಟಿ ಹೊರಟೆ. ಹಾಲಿಗೆ ಹೋಗಲು ಮನೆ ಸುತ್ತಿ ಹೋಗಬೇಕು. ದಾರಿಗೆ ಸಿಲ್ವರ್ ಮರದ ಕೊಂಬೆ ಬಿದ್ದಿರಬಹುದು ಅಂತ ಜಗಲಿಯಲ್ಲಿದ್ದ ಕತ್ತಿಯನ್ನೂ ಹಿಡಿದುಕೊಂಡೆ. ಒಳ್ಳೆಯ ಉದ್ದೇಶದಿಂದಲೇ. ಹುಲ್ಲಿನಲ್ಲಿ ನಡೆದದ್ದಕ್ಕೆ ಜಿಗಣೆ ಹತ್ತಿದ್ದು, ಬಿಟ್ಟದ್ದು ಯಾವುದೂ ಗೊತ್ತಾಗಲಿಲ್ಲ. ಅದು ಕಚ್ಚಿದ ಕಡೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ಮೊಣಕಾಲಿನಿಂದ ಹಿಮ್ಮಡಿವರೆಗೆ ಮಳೆನೀರಿನ ಜೊತೆ ಸಣ್ಣ ಕೆಂಪು ಗೆರೆ ಇಳಿಯುತ್ತಿತ್ತು. ಸಿನಿಮಾ ರಕ್ತದಷ್ಟು ದಪ್ಪ ಇರಲಿಲ್ಲ, ನಿಜ ಹೇಳಬೇಕೆಂದರೆ ಸ್ವಲ್ಪ ಸಪ್ಪೆಯೇ.

ಬಾಗಿಲು ತಳ್ಳಿದೆ. ಟಾರ್ಚ್ ಹಿಡಿದ ಕೈ ಕೆಳಗಿತ್ತು, ಬೆಳಕು ಗಲ್ಲದಿಂದ ಮೇಲಕ್ಕೆ. ಜೇಬಿನಲ್ಲಿ ಸಿನಿಮಾ ಇನ್ನೂ ಓಡುತ್ತಿತ್ತಲ್ಲ, ಸರಿಯಾಗಿ ಆಗಲೇ ಹಾಲಿನ ಸ್ಪೀಕರಿನಿಂದ ಕೊಲೆಗಾರ ಬರುವ ಸಂಗೀತ ಶುರುವಾಯಿತು. "ಎಂತ ಆಯ್ತು ಮಕ್ಕಳೇ?" ಅಂತ ನಾನು ಪ್ರೀತಿಯಿಂದಲೇ ಕೇಳಿದ್ದು.

ಜೋಡಿ ಸೋಫಾದ ಹಿಂದೆ ಹೋಯಿತು. ಜೋಕಿನವನು ಟೇಬಲ್ಲಿನ ಕೆಳಗೆ. ಗೆಸ್ಟ್‌ಗಳಿಗೆ ಹಳ್ಳಿ ವಾತಾವರಣ ಇರಲಿ ಅಂತ ನನ್ನ ಹೆಂಡತಿ ಹಾಲಿನ ಮೂಲೆಯಲ್ಲಿ ಲಾಟೀನು, ಗೊರಬೆ, ಅವ್ವನ ಕಾಲದ ಒನಕೆ ಎಲ್ಲ ಅಲಂಕಾರಕ್ಕೆ ನಿಲ್ಲಿಸಿದ್ದಾಳೆ. ಕನ್ನಡಕದ ಹುಡುಗಿ ಲಾಟೀನನ್ನು ಮುಟ್ಟಲಿಲ್ಲ.

ಭುಜಕ್ಕೆ ಬಿತ್ತು. ಕೆಳಗೆ ಬಿದ್ದವನಿಗೆ ಮೊದಲು ಹೊಳೆದದ್ದು, ನನ್ನ ಲೆಕ್ಕ ಸರಿ ಇತ್ತು, ಉಳಿಯುವವಳು ಇವಳೇ, ಅಂತ. ಆಮೇಲೆ ನೋವು ಗೊತ್ತಾಯಿತು. ಹೆಂಡತಿ ಎದ್ದು ಬಂದು, ನನ್ನ ಜೇಬಿನಿಂದ ಫೋನ್ ತೆಗೆದು, ಪರದೆ ನೋಡಿ, ಒಂದೂ ಮಾತಾಡದೆ ನಿಲ್ಲಿಸಿದಳು. ಆ ಹುಡುಗಿ ಅರ್ಧ ಗಂಟೆ "ಸಾರಿ ಅಂಕಲ್" ಅಂತ ಅತ್ತಳು. ಜಿಗಣೆ ಕಚ್ಚಿದ ಕಡೆ ಅರಿಶಿನ ಮೆತ್ತಿದವಳೂ ಅವಳೇ.

ಬೆಳಿಗ್ಗೆ ಎಲ್ಲ ಶಾಂತ. ಮಂಜು. ಹೆಂಡತಿ ರೊಟ್ಟಿ ತಟ್ಟುತ್ತಾ, ರಾತ್ರಿಯಿಂದ ಮೊದಲ ಸಲ ಬಾಯಿ ಬಿಟ್ಟಳು.

"ಅದೊಂದು ಹೇಳಿದ್ರಿ ತಾನೆ?"

"ಯಾವುದು?"

"ಮದ್ದು ಸೊಪ್ಪು ತಿಂದರೆ ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ, ಹೆದರಬೇಡಿ ಅಂತ."

ಆಚೆ ಬಾತ್‌ರೂಮಿನ ಚಿಲಕ ಹಾಕಿದ ಸದ್ದು ಕೇಳಿಸಿತು. ಗಿಟಾರಿನವನು ಒಳಗೆ ಹೋಗಿದ್ದ. ಸೀಟಿ ಹೊಡೆಯುತ್ತಿದ್ದ. ಸೀಟಿ ನಿಂತಿತು.