ಲಾಂಡ್ಸ್‌ಹೂಟ್ ಮದುವೆಯನ್ನ ಹಬ್ಬ ಮಾಡೋದು ಸರಿನಾ? ಪರ-ವಿರೋಧ

ಪರ

ಖಂಡಿತ ಮಾಡ್ಬೇಕು. 1475ರ ನವೆಂಬರ್‌ನಲ್ಲಿ ಪೋಲೆಂಡ್ ರಾಜ 4ನೇ ಕಾಜಿಮಿರ್‌ನ ಮಗಳು ಯಾದ್ವಿಗಾನ ಈಗಿನ ಜರ್ಮನಿಯ ಬವೇರಿಯಾದ ಲಾಂಡ್ಸ್‌ಹೂಟ್ ಡ್ಯೂಕ್‌ನ ಮಗ ಗಿಯೋರ್ಗ್‌ಗೆ ಕೊಟ್ಟು ಮದುವೆ ಮಾಡಿದ್ರು, ಆ ಊರಿನೋರು 1903ರಿಂದ ಅದನ್ನ ಆಡಿ ತೋರಿಸ್ತಾ ಬಂದಿದಾರೆ, ಈಗ ನಾಲ್ಕು ವರ್ಷಕ್ಕೊಮ್ಮೆ ಎರಡು ಸಾವಿರಕ್ಕೂ ಹೆಚ್ಚು ಜನ ಆ ಕಾಲದ ಬಟ್ಟೆ ಹಾಕ್ಕೊಂಡು ಬೀದಿಗಿಳೀತಾರೆ.

ಇದು ಬರೀ ಶೋಕಿ ಅನ್ನೋರು ಅವತ್ತಿನ ರಾಜಕೀಯ ನೋಡ್ಬೇಕು. ಯಾದ್ವಿಗಾಳ ಅಣ್ಣ ವ್ಲಾದಿಸ್ಲಾವ್ 1471ರಲ್ಲಿ ಬೊಹೀಮಿಯಾದ (ಈಗಿನ ಚೆಕ್ ನಾಡು) ರಾಜ ಆಗಿದ್ದ, ಹಂಗೇರಿಯ ರಾಜ ಮಥಿಯಾಸ್ ಅದೇ ಪಟ್ಟ ನನ್ನದು ಅಂತ ಯುದ್ಧಕ್ಕೆ ನಿಂತಿದ್ದ, ತೆಂಕಲಿಂದ ಒಟ್ಟೋಮನ್ ತುರ್ಕರ ಭಯ ಬೇರೆ. ಅಂಥ ಟೈಮಲ್ಲಿ ಜರ್ಮನ್ ನಾಡಲ್ಲಿ ಒಂದು ದುಡ್ಡಿರೋ ಮನೆತನದ ನೆಂಟಸ್ತನ ಸಿಕ್ಕೋದು ಸಣ್ಣ ವಿಷಯ ಅಲ್ಲ. ಪವಿತ್ರ ರೋಮನ್ ಚಕ್ರವರ್ತಿ 3ನೇ ಫ್ರೆಡರಿಕ್ ಖುದ್ದು ಬಂದಿದ್ದ. ಅಡುಗೆ ಲೆಕ್ಕ ಇವತ್ತಿಗೂ ಉಳಿದಿದೆ: 323 ಎತ್ತು, 40,000 ಕೋಳಿ, 1,94,345 ಮೊಟ್ಟೆ! ನೆಂಟರಿಗಷ್ಟೇ ಅಲ್ಲ, ಊರಿನ ಜನಕ್ಕೂ ಊಟ ಡ್ಯೂಕ್ ಖರ್ಚಲ್ಲೇ.

ಇನ್ನೊಂದು ಮಾತು. ಅವಳ ತಂಗಿಯರೂ ಬ್ರಾಂಡೆನ್‌ಬರ್ಗ್, ಸ್ಯಾಕ್ಸನಿ, ಪೊಮೆರೇನಿಯಾ ಮನೆತನಗಳಿಗೆ ಸೊಸೆಯಾಗಿ ಹೋದೋರೇ, ಅವರ ಹೆಸರಲ್ಲಿ ಇಷ್ಟು ದೊಡ್ಡ ಹಬ್ಬ ಎಲ್ಲಿದೆ? ಈ ಗೌಜಿ ಇಲ್ದಿದ್ರೆ ಯಾದ್ವಿಗಾನೂ ವಂಶವೃಕ್ಷದಲ್ಲಿ ಒಂದು ಸಾಲಾಗಿ ಉಳೀತಿದ್ಲು.

ವಿರೋಧ

ಹೆಸರು ಉಳೀತು, ಒಪ್ಪೋಣ, ಆದ್ರೆ ಯಾವ ಯಾದ್ವಿಗಾ ಉಳಿದ್ಲು? ಮೆರವಣಿಗೆ ಮದುವೆಗೇ ಮುಗಿಯುತ್ತೆ, ಅವಳಿಗೆ ಆಗ ಬರೀ 18 ವರ್ಷ. 1474ರ ಕೊನೇಲಿ ರಾಡೊಮ್‌ನಲ್ಲಿ ದೊಡ್ಡೋರು ಕೂತು 32,000 ಹಂಗೇರಿಯನ್ ಗುಲ್ಡನ್ (ಚಿನ್ನದ ನಾಣ್ಯ) ವರದಕ್ಷಿಣೆ ಮಾತಾಡಿ ಮುಗಿಸಿದ್ರು, ಆಮೇಲೆ ಕ್ರಾಕೋವ್‌ನಿಂದ ವಾರಗಟ್ಟಲೆ ದಿಬ್ಬಣ, ಅದೂ ಚಳಿ ಶುರುವಾಗೋ ಕಾಲದಲ್ಲಿ. ಇವತ್ತಿನ ಹಬ್ಬ ನಡೆಯೋದು ಬೇಸಿಗೆ ಬಿಸಿಲಲ್ಲಿ.

ಆಮೇಲಿನ 26 ವರ್ಷ ಅವಳು ಬದುಕಿದ್ದು ಹೆಚ್ಚಾಗಿ ಬುರ್ಗ್‌ಹೌಸನ್ ಕೋಟೇಲಿ, ಗುಡ್ಡದ ಮೇಲೆ ಒಂದು ಕಿಲೋಮೀಟರ್‌ಗೂ ಉದ್ದ ಚಾಚಿಕೊಂಡಿರೋ ಕೋಟೆ ಅದು. ಗಂಡ ಅವಳನ್ನ ಅಲ್ಲಿ ಕೂಡಿಹಾಕಿದ್ದ ಅನ್ನೋ ಹಳೇ ಕಥೆ ನಾನು ನಂಬಲ್ಲ, ಆ ಮನೆತನದ ಹಿಂದಿನ ಡಚೆಸ್‌ಗಳೂ ಅಲ್ಲೇ ಇದ್ದೋರು. ಆದ್ರೆ ಮೂರು ಗಂಡುಮಕ್ಕಳನ್ನೂ ಕಳ್ಕೊಂಡ್ಲು, ಉಳಿದ ಇಬ್ಬರು ಹೆಣ್ಣುಮಕ್ಕಳಲ್ಲಿ ಮಾರ್ಗರೆಟ್ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದ್ಲು. ಇಷ್ಟು ದೊಡ್ಡ ರಾಜತಂತ್ರ ಕೊನೆಗೆ ಒಂದು ಗಂಡುಕೂಸು ಬದುಕುತ್ತಾ ಇಲ್ವಾ ಅನ್ನೋದರ ಮೇಲೆ ನಿಂತಿತ್ತು, ಅದರ ಭಾರ ಹೊತ್ತಿದ್ದು ಅವಳ ಮೈ.

1502ರಲ್ಲಿ ಅವಳು ತೀರಿಕೊಂಡ್ಲು, ಮರುವರ್ಷ ಗಿಯೋರ್ಗ್. ಗಂಡು ವಾರಸುದಾರ ಇಲ್ದಿದ್ರೆ ರಾಜ್ಯ ಮ್ಯೂನಿಕ್ ದಾಯಾದಿಗಳಿಗೆ ಅಂತ ಒಪ್ಪಂದ ಇತ್ತು, ಆದ್ರೂ ಗಿಯೋರ್ಗ್ ಮಗಳು ಎಲಿಸಬೆತ್ ಮತ್ತು ಅಳಿಯ ರುಪ್ರೆಕ್ಟ್‌ಗೆ ಬರೆದಿಟ್ಟಿದ್ದ. ಯುದ್ಧ ಹತ್ತಿಕೊಂಡಿತು, ಹಳ್ಳಿಗಳು ಸುಟ್ಟುಹೋದ್ವು, 1504ರಲ್ಲಿ ಆ ಗಂಡ ಹೆಂಡತಿ ಇಬ್ಬರೂ ಕಾಯಿಲೆ ಬಿದ್ದು ಸತ್ತರು. 1505ರಲ್ಲಿ ಲಾಂಡ್ಸ್‌ಹೂಟ್ ಡ್ಯೂಕ್‌ನ ರಾಜ್ಯಾನೇ ಇಲ್ಲವಾಯ್ತು.

ಮೆರವಣಿಗೆಯ ಚಿನ್ನದ ಗಾಡಿ ಬೇಕಾದ್ರೆ ಇರ್ಲಿ. ಜೊತೆಗೆ ಬುರ್ಗ್‌ಹೌಸನ್ ವರ್ಷಗಳನ್ನೂ ಅದೇ ಬೀದೀಲಿ ಆಡಿ ತೋರಿಸ್ಲಿ, ಅಲ್ಲಿವರೆಗೂ ಇದು ಗಂಡಿನ ಕಡೆಯೋರ ಹಬ್ಬ, ಯಾದ್ವಿಗಾಳದ್ದಲ್ಲ.