ಸಕ್ಕರೆ, ಮೆಂತ್ಯ, ಲವಂಗ, ಎಣ್ಣೆ

ನನ್ನ ಹೆಂಡತಿ ಕಿರಾಣಿ ಚೀಟಿಯನ್ನು ಪೂರ್ತಿ ಬರೆದದ್ದು ನಾನು ನೋಡಿಲ್ಲ. ಟಿಬಿ 2 ಅಂದರೆ ತೊಗರಿ ಬೇಳೆ ಎರಡು ಕಿಲೋ. ಜೆಎಚ್ 5 ಅಂದರೆ ಜೋಳದ ಹಿಟ್ಟು. ಖಡೇಬಜಾರಿನ ನಮ್ಮ ಸಾವಕಾರರಿಗೆ ಇದು ರೂಢಿಯಾಗಿಬಿಟ್ಟಿದೆ. ಅಕ್ಷರ ಸಿಕ್ಕರೆ ಸಾಕು, ಸಾಮಾನು ಕಟ್ಟುತ್ತಾರೆ.

ಆ ಭಾನುವಾರ ನನ್ನ ಅಂಗಿ ಕಿಸೆಯಲ್ಲಿ ಎರಡು ಚೀಟಿ ಇದ್ದವು. ಒಂದು ಅವಳದು. ಇನ್ನೊಂದು ನಾನು ಅಣ್ಣನ ಮಗನಿಗೆ ಬರೆದದ್ದು. ಅವನು ಎನ್‌ಸಿಸಿ ಸೇರಿದ್ದಾನೆ. "ಕಾಕಾ, ರೈಫಲ್ ಹೆಸರಿನಾಗ ಈ ಅಕ್ಷರ ಎಲ್ಲಾ ಯಾಕ ಇರ್ತಾವ?" ಅಂತ ಕೇಳಿದ್ದ. ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇರುವ ಊರು ನಮ್ಮದು. ಬೆಳಗಾವಿಯವನಾಗಿ ಬಂದೂಕಿನ ಬಗ್ಗೆ ಗೊತ್ತಿಲ್ಲ ಅನ್ನುವುದು ಕುಂದಾ ತಿಂದೇ ಇಲ್ಲ ಅಂದ ಹಾಗೆ. ನಾಲ್ಕು ಬೋಲ್ಟ್ ಆ್ಯಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಚಿಲಕ ಎಳೆದು ತಳ್ಳುವ ರೈಫಲ್ಲಿನ ಹೆಸರು ಬರೆದೆ. ಅರ್ಥ ಬರೆಯಲಿಲ್ಲ, ಮೊದಲು ತಾನೇ ಬಿಡಿಸಲಿ ಅಂತ. ಬೆಳಿಗ್ಗೆ ಚೀಟಿ ಅವನ ಕೈಗಿಟ್ಟು, ಉಳಿದದ್ದನ್ನು ಸಾವಕಾರರಿಗೆ ಕೊಟ್ಟು, ಚಹಾ ಕುಡಿಯಲು ಹೋದೆ.

ವಾಪಸ್ ಬಂದಾಗ ಕಟ್ಟೆಯ ಮೇಲೆ ದೊಡ್ಡ ದೊಡ್ಡ ಚೀಲ.

"ಎಸ್ ಅಂದ್ರ ಸಕ್ಕರಿ, ಎಂ ಅಂದ್ರ ಮೆಂತೆ, ಎಲ್ ಅಂದ್ರ ಲವಂಗ, ಇ ಅಂದ್ರ ಎಣ್ಣಿ. ಮುಂದ ಮೂರು ಅಂತ ಬರ್ದೀರಿ, ಮೂರ್ ಮೂರ್ ಕಿಲೋ ಹಾಕೀನಿ. ಲವಂಗ ಅಷ್ಟ ಇರ್ಲಿಲ್ರಿ, ಪಾವ್ ಕಿಲೋ ಐತಿ. ಸ್ಟಾರ್ ಹಾಕೀರಲ್ಲ, ಅದಕ್ಕ ಚಲೋ ಮಾಲ ಕೊಟ್ಟೀನಿ. ಡಿಪಿ ಅಂದ್ರ ಧಾರವಾಡ ಪೇಡಾ, ನಮ್ಮಲ್ಲಿ ಇಲ್ರಿ. ಕುಂದಾ ನಡೀತದೇನು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ದನಿ ತಗ್ಗಿಸಿದರು. "98 ಕೆ ಅಂದ್ರ 98 ಕಿಲೋ, ಸರಿ. ಏನು ಅಂತ ಬರ್ದಿಲ್ರಿ. 110 ಸಿಎಲ್ ನನಗ ತಿಳೀಲಿಲ್ಲ. ನಮ್ಮ ಅಳಿಯಾ ಮಾಸ್ತರ ಅದಾನ, ಅಂವಾ ಹೇಳ್ದ, ಕ್ಯಾಜುಯಲ್ ಲೀವ್ ಅಂತ. 98 ಕಿಲೋ ಸಾಮಾನು, 110 ದಿನ ರಜಾ... ಮನ್ಯಾಗ ಮದಿವಿ ಐತೇನ್ರಿ?"

ಸುಮ್ನೆ ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನನಗೆ ಪಾಠ ಮಾಡುವ ಚಟ.

ಎಸ್‌ಎಂಎಲ್‌ಇ ಅಂದರೆ ಶಾರ್ಟ್, ಮ್ಯಾಗಜೀನ್, ಲೀ, ಎನ್‌ಫೀಲ್ಡ್ ಅಂದೆ. ಮ್ಯಾಗಜೀನ್ ಅಂದರೆ ಓದುವ ಪತ್ರಿಕೆಯಲ್ಲ, ಗುಂಡು ತುಂಬುವ ಡಬ್ಬಿ. ನಮ್ಮ ಪೊಲೀಸರ ಕೈಯಲ್ಲಿದ್ದ ತ್ರೀ ನಾಟ್ ತ್ರೀ ಇದೇ ಮನೆತನದ್ದು. ಶಾರ್ಟ್ ಅನ್ನುವುದು ಮ್ಯಾಗಜೀನಿಗಲ್ಲ, ರೈಫಲಿಗೆ. ಮೊದಲಿನದು ಸುಮಾರು 126 ಸೆಂಟಿಮೀಟರ್ ಇತ್ತು, ಇದು 113. ಅದಕ್ಕೇ ಗಿಡ್ಡ. ಲೀ ಅಂದರೆ ಬೋಲ್ಟ್ ರೂಪಿಸಿದ ಜೇಮ್ಸ್ ಪ್ಯಾರಿಸ್ ಲೀ, ಎನ್‌ಫೀಲ್ಡ್ ಅಂದರೆ ಲಂಡನ್ ಪಕ್ಕದ ಕಾರ್ಖಾನೆಯ ಊರು. ಮೂರು ಅಂದರೆ 1907ರ ಮಾರ್ಕ್ ಮೂರು, ಮಾರ್ಕ್ ಅಂದರೆ ಮಾದರಿ. ಇನ್ನು ಸ್ಟಾರ್! ಹೋಟೆಲಿಗೆ ಸ್ಟಾರ್ ಸಿಕ್ಕರೆ ಸೌಲಭ್ಯ ಜಾಸ್ತಿ, ಅಲ್ವಾ? ಇಲ್ಲಿ ಉಲ್ಟಾ. ಮೊದಲ ಮಹಾಯುದ್ಧದಲ್ಲಿ ಬೇಗ ಬೇಗ ತಯಾರಾಗಲಿ ಅಂತ ಒಂದೆರಡು ಭಾಗ ಕಳಚಿ, ಸ್ಟಾರ್ ಹಚ್ಚಿದರು.

"ಅಂದ್ರ ಚಲೋ ಸಕ್ಕರಿ ಬ್ಯಾಡಾಗಿತ್ತು" ಅಂದರು ಸಾವಕಾರರು.

98 ಕೆ ಜರ್ಮನಿಯದು. 98 ಅಂದರೆ 1898ರ ಮೌಸರ್ ರೈಫಲ್, ಕೆ ಅಂದರೆ ಕುರ್ಟ್ಸ್, ಅವರ ಭಾಷೆಯಲ್ಲಿ ಗಿಡ್ಡ. 1935ರಲ್ಲಿ ಬಂತು. ಗಿಡ್ಡ ಅನ್ನಲು ಒಬ್ಬರಿಗೆ ಎಸ್, ಇನ್ನೊಬ್ಬರಿಗೆ ಕೆ. ಎಲ್‌ನ ಕತೆ ಇನ್ನೂ ಪಜೀತಿ. ಇಲ್ಲಿ ಲೀ. ಬ್ರಿಟಿಷರ ಎಲ್42ಎ1 ರೈಫಲಿನಲ್ಲಿ ಲ್ಯಾಂಡ್, ನೆಲದ ಸೇನೆಯ ಸಾಮಾನು ಅಂತ. ಅಮೆರಿಕದ ಸ್ಯಾವೇಜ್ 110 ಸಿಎಲ್‌ನಲ್ಲಿ ಲೆಫ್ಟ್, ಎಡಚರದು.

ಈ ಕೊನೆಯ ಎಲ್ ಮೇಲೆ ನನಗೆ ಜೀವ. ನಾನು ಎಡಚ. ಕಾಲೇಜಿನ ಎನ್‌ಸಿಸಿಯಲ್ಲಿ ಡಿಪಿ, ಅಂದರೆ ಡ್ರಿಲ್ ಪರ್ಪಸ್, ಕವಾಯತಿಗೆ ಮಾತ್ರ ಅಂತ ಮುದ್ರೆ ಒತ್ತಿದ ರೈಫಲ್ ಹೊತ್ತಷ್ಟು ದಿನ ಸುಖವಾಗಿದ್ದೆ. ಗುಂಡು ಹಾರಿಸುವ ದಿನ ಬಂತು. ಬೋಲ್ಟ್ ಅಂದರೆ ಬಾಗಿಲ ಚಿಲಕವೇ. ಎತ್ತು, ಎಳೆ, ತಳ್ಳು, ಮಡಚು. ಆದರೆ ಅದರ ಹಿಡಿ ಬಲಕ್ಕೆ. ಎಡಗೈ ರೈಫಲ್ ಮೇಲಿಂದ ದಾಟಿ ಆಚೆ ಹೋಗಬೇಕು. ಹೋಯಿತು, ಹೋಗುವಾಗ ನನ್ನ ಚಾಳೀಸನ್ನೂ ಕರೆದುಕೊಂಡು ಹೋಯಿತು. ಚಾಳೀಸು ಮಣ್ಣಿನಲ್ಲಿ, ನಾನು ತಡಕಾಡುತ್ತ. "ಬಲಗೈ ಊರಿಗೆ ಹೋಗಿದೆಯಾ?" ಅಂತ ಹವಾಲ್ದಾರರು ಹಿಂದಿಯಲ್ಲಿ ಕೇಳಿದರು. ಎಡಗೈಯವರ 110 ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಅಂದರೆ ನಾನು ಚಾಳೀಸು ಹುಡುಕುವ ಎಷ್ಟೋ ಮೊದಲು ಅಮೆರಿಕದಲ್ಲಿ ಯಾರೋ ನನ್ನಂಥವರ ಬಗ್ಗೆ ಯೋಚಿಸಿದ್ದರು. ಬೆಳಗಾವಿಗೆ ಸುದ್ದಿ ಮುಟ್ಟಿರಲಿಲ್ಲ, ಅಷ್ಟೆ.

"ಎಲ್ ಅಂದ್ರ ಲವಂಗ ಒಂದು ಬಿಟ್ಟು ಎಲ್ಲಾ ಆತು" ಅಂತ ಸಾವಕಾರರು ಪುಡಿಕೆ ವಾಪಸ್ ತೆಗೆದುಕೊಂಡರು. ಉಳಿದದ್ದರ ಬಿಲ್ ಆಗಿತ್ತು. ನಾಚಿಕೆಗೆ ಎಲ್ಲವನ್ನೂ ಸ್ಕೂಟರಿಗೆ ಹೇರಿಕೊಂಡೆ.

ಮನೆಗೆ ಬಂದು, ಮೂರು ಕಿಲೋ ಮೆಂತೆ ಎದುರಿಗಿಟ್ಟು ಹೆಂಡತಿ ಸುಮ್ಮನೆ ನನ್ನನ್ನೇ ನೋಡುತ್ತಿದ್ದಾಗ ಫೋನ್ ಬಂತು. ಅಣ್ಣನ ಮಗ.

"ಕಾಕಾ, ನಂಬರ್ 4 ರೈಫಲ್ ಮುಂದ ಟಿ ಇದ್ರ ಟೆಲಿಸ್ಕೋಪ್ ಅಂತ ಸಿಕ್ತು. ಬಿ ಅಂದ್ರ ಬೋಲ್ಟ್ ಇರಬೇಕು. ಟಿಬಿ 2 ಆತು. ಜೆಎಚ್ 5 ಯಾವ ದೇಶದ್ದು? ನಮ್ಮ ಹವಾಲ್ದಾರ್ ಸಾಹೇಬ್ರೂ ಬೆಳಗಿನಿಂದ ಹುಡುಕಾಕತ್ಯಾರ."