ಸ್ಪಷ್ಟನೆ: ನಮ್ಮ ಮಣ್ಣಿನ ಬ್ಲಾಕ್ ಮಳೆಗೆ ಕರಗುವುದಿಲ್ಲ

ಚಿತ್ರದುರ್ಗದ ಹೊರಗೆ ನಾವು ಕೆಲವು ಮನೆಯವರು ಸೇರಿ ಹೊಸ ವಿನ್ಯಾಸದ ಮನೆಗಳ ಬಡಾವಣೆ ಕಟ್ಟಿಸುತ್ತಿದ್ದೇವೆ. ಅದರ ಬಗ್ಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಹಸಿ ಮಣ್ಣಿನ ಗೋಡೆ, ಒಂದು ಜೋರು ಮಳೆಗೆ ಕರಗುತ್ತೆ. ಮಳೆನೀರು ಕೊಯ್ಲು ಬರೀ ತೋರಿಕೆ." ಎರಡೂ ನಿಜವಲ್ಲ.

ನಮ್ಮ ಗೋಡೆಗಳಿಗೆ ಬಳಸುವುದು ಹಸಿ ಇಟ್ಟಿಗೆಗಳನ್ನಲ್ಲ. ಜರಡಿ ಹಿಡಿದ ಮಣ್ಣಿಗೆ ಮರಳು, ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ತೆಗೆದ ಬ್ಲಾಕ್‌ಗಳು. ಸುಡುವುದಿಲ್ಲ, ಹಾಗಾಗಿ ಸೌದೆ ಬೇಡ. ಬದಲಿಗೆ ಮೂರು ವಾರ ಗೋಣಿಚೀಲ ಹೊದಿಸಿ ನೀರು ಹಾಕಬೇಕು. ಇದನ್ನು ತಪ್ಪಿಸಿದರೆ ಬ್ಲಾಕ್ ಗಟ್ಟಿಯಾಗುವುದಿಲ್ಲ. ಸೈಟಿಗೆ ಬಂದವರಿಗೆ ನಾವು ರಾತ್ರಿಯಿಡೀ ಬಕೆಟ್ ನೀರಲ್ಲಿ ಮುಳುಗಿಸಿಟ್ಟ ಬ್ಲಾಕ್ ತೆಗೆದು ಕೊಡುತ್ತೇವೆ. ಅಂಚು ಹಾಗೇ ಚೂಪಾಗಿರುತ್ತದೆ, ಬೆರಳಲ್ಲಿ ಉಜ್ಜಿದರೂ ಮಣ್ಣು ಬಿಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಈ ಬ್ಲಾಕ್ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ನಮ್ಮ ಊರುಗಳಿಗೆ ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆ ಕೊಟ್ಟವರೂ ಅವರೇ. ಗೋಡೆಯ ಬುಡಕ್ಕೆ ಎತ್ತರದ ಕಲ್ಲಿನ ಪಾಯ, ಮೇಲೆ ಅಗಲವಾದ ಸಜ್ಜಾ ಮಾತ್ರ ಇರಲೇಬೇಕು. ಅವನ್ನೂ ಹಾಕಿದ್ದೇವೆ.

ಇನ್ನು ನೀರು. ದುರ್ಗದಲ್ಲಿ ಮಳೆಯೇ ಕಡಿಮೆ ಅಲ್ವಾ ಅಂತ ಕೇಳುತ್ತಾರೆ. ಹೌದು. ಆದರೆ 100 ಚದರ ಮೀಟರ್ ಚಾವಣಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್ ನೀರು. ವರ್ಷಕ್ಕೆ 500 ಮಿಲಿಮೀಟರ್ ಹಿಡಿದರೂ 50,000 ಲೀಟರ್. ಐದರಲ್ಲಿ ಒಂದು ಪಾಲು ಹಾಳಾದರೂ 40,000 ಉಳಿಯುತ್ತದೆ. ದುರ್ಗದ ಕೋಟೆಯಲ್ಲೂ ಮಳೆನೀರು ಹಿಡಿಯುವುದು ಹೀಗೇ: ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ ಇಳಿಯುತ್ತದೆ. ಅದನ್ನು ನೋಡಿಕೊಂಡೇ ಬೆಳೆದವರು ನಾವು.

ಅನುಮಾನ ಇದ್ದವರು ದಯವಿಟ್ಟು ಸೈಟಿಗೆ ಬನ್ನಿ. ಬ್ಲಾಕನ್ನು ನೀವೇ ಕೈಯಲ್ಲಿ ಹಿಡಿದು ನೋಡಿ.